ಬಾಮೈದ ವೀಳ್ಯ ಹಾಕಿಕೊಂಡ ಹಾಯಿದೋಣಿ

ಹದಿನಾರು ಎಂಬ ಊರಿನ ಮಹಾದೇವಸ್ವಾಮಿ ನೌಕಾಪಡೆಯಲ್ಲಿ ಅಷ್ಟು ವರ್ಷ ಇದ್ದೂ ಸಮುದ್ರವನ್ನು ಕಣ್ತುಂಬ ನೋಡಿದವರಲ್ಲ. ಅವರ ಪಾಲಿಗೆ ಬಂದದ್ದು ಹಡಗಿನ ಉಗ್ರಾಣ. ನೀರಿನ ಮಟ್ಟದ ಕೆಳಗೆ, ಕಿಟಕಿಯಿಲ್ಲದ ಕೋಣೆಯಲ್ಲಿ, ಈರುಳ್ಳಿ ಮೂಟೆಗಳ ನಡುವೆ ಕೂತೇ ಅವರು ದೇಶದ ಕರಾವಳಿಯನ್ನೆಲ್ಲ ಸುತ್ತಿದ್ದರು. ಪಿಂಚಣಿ ತೆಗೆದುಕೊಂಡು ಊರಲ್ಲಿ ಬಸ್ಸಿಳಿದ ದಿನ ಮೈಗೆ ಹತ್ತಿದ್ದ ಈರುಳ್ಳಿ ಘಾಟಿಗೆ ಅರಳಿಕಟ್ಟೆಯ ಎಮ್ಮೆಗಳೆಲ್ಲ ಕಣ್ಣೀರಿಟ್ಟವಂತೆ. ಆಮೇಲೆ ಕಟ್ಟಿಸಿದ ಮನೆಗೆ ಎಷ್ಟು ಕಿಟಕಿ ಇಡಿಸಿದರೆಂದರೆ, ಕ್ಯಾಲೆಂಡರ್ ನೇತುಹಾಕಲು ಗೋಡೆಯೇ ಉಳಿಯಲಿಲ್ಲ.

ಅಷ್ಟಾದರೂ ಜೀವಕ್ಕೆ ಉಸಿರು ಕಟ್ಟಿದಂತಾಗುವುದು ತಪ್ಪಲಿಲ್ಲ. ಒಂದು ಹಳೇ ಹಾಯಿದೋಣಿ ಕೊಂಡು, ದಡ ಹಿಡಿದು ಕಾರವಾರದ ತನಕ ಹೆಂಡತಿಯೊಡನೆ ನಿಧಾನಕ್ಕೆ ಹೋಗಬೇಕು, ಈ ಸಲ ಮೇಲೆ ಕೂತು ಸಮುದ್ರ ನೋಡಬೇಕು. ಇಷ್ಟೇ ಅವರ ಆಸೆ. ಹೆಂಡತಿ ವಿಶಾಲಮ್ಮ ಒಂದೇ ಷರತ್ತು ಹಾಕಿದರು.

"ನಾನು ಬಗ್ಗಿಕಂಡು ಒಗ್ಗರಣೆ ಆಕಕಿಲ್ಲ. ನಿಂತ್ಕಂಡು ಅಡಿಗೆ ಮಾಡಂಗಿದ್ರೆ ಬತ್ತೀನಿ."

ದೋಣಿ ಆರಿಸಲು ವಿಶಾಲಮ್ಮನ ತಮ್ಮ ಚಿಕ್ಕಸ್ವಾಮಿಯೂ ಹೊರಟ. ಅವನದು ದನದ ವ್ಯಾಪಾರ. ಹೆಮ್ಮರಗಾಲದಲ್ಲಿ ಎತ್ತು ಕೆಮ್ಮಿದರೆ, ಹದಿನಾರಿನಲ್ಲೇ ಕೂತು ಅದರ ಅಜ್ಜಿಯ ಬಣ್ಣ ಹೇಳುವ ಆಸಾಮಿ.

"ಅಳೇ ಎತ್ತು, ಅಳೇ ದೋಣಿ, ಎರಡೂ ಒಂದೇ ಕಣ್ ಭಾವ. ಅಲ್ಲು ನೋಡ್ಬೇಕು, ಸುಳಿ ನೋಡ್ಬೇಕು."

"ದೋಣಿಗೆ ಎಲ್ಲಿದ್ದದ್ಲಾ ಅಲ್ಲು?"

"ಅದ್ಕೇಯ ನಾನು ಬತ್ತಿರಾದು!"

ಉಡುಪಿಯ ಕಡೆ, ಹೊಳೆ ಸಮುದ್ರ ಸೇರುವ ಅಳಿವೆಯ ಒಳಗೆ, ಜಗನ್ ಎಂಬವರ ಎರಡು ದೋಣಿ ಮಾರಾಟಕ್ಕೆ ನಿಂತಿದ್ದವು. ಒಂದು ಬಾಣಂತಿಯಂತೆ ದುಂಡಗೆ. ತಳ ನೀರಲ್ಲಿ ಆಳಕ್ಕೆ ಇಳಿಯದೆ, ಮರಳಿನ ಮೇಲೂ ಜಾರಿಕೊಂಡು ಹೋಗುವಂಥದ್ದು. ವಿಶಾಲಮ್ಮ ಒಳಗೆ ನೆಟ್ಟಗೆ ನಿಂತು, ಕೈಯೆತ್ತಿ ಮುಡಿಯನ್ನೂ ಕಟ್ಟಿಕೊಂಡರು. ಮಹಾದೇವಸ್ವಾಮಿಯ ಮನಸ್ಸು ಅಲ್ಲೇ ಕೂತುಬಿಟ್ಟಿತು.

ಇನ್ನೊಂದು ಪಂದ್ಯಕ್ಕೂ ಆಗಲಿ, ಸಂಸಾರಕ್ಕೂ ಆಗಲಿ ಎಂದು ಯಾವುದೋ ಕಾಲದಲ್ಲಿ ಮಾಡಿದ್ದು. ಸಣ್ಣ ಸೊಂಟ. ಹಾಯಿಕಂಬ ಎಷ್ಟೆತ್ತರವೆಂದರೆ ಹುಣ್ಣಿಮೆಯ ಚಂದ್ರ ಅದನ್ನು ಬಳಸಿಕೊಂಡು ಹೋಗಬೇಕು. ಹೊಟ್ಟೆಯ ಕೆಳಗೆ, ದೋಣಿ ಮಗುಚದಂತೆ, ಆಳಕ್ಕೆ ಇಳಿದ ಸೀಸದ ರೆಕ್ಕೆ. ಅಷ್ಟಗಲದ ಹಾಯಿ ಎಳೆಯಲು ಅರ್ಧ ಡಜನ್ ಆಳು ಬೇಕು. ಮೇಲ್ಹಲಗೆ ತಟ್ಟಿದರೆ ಕೆಲವೆಡೆ ನೀರು ಕುಡಿದ ಬೂದುಗುಂಬಳದ ಸದ್ದು. ಇನ್ನು ಅಡಿಗೆ ಮಾಡುವ ಜಾಗದಲ್ಲಿ ಬೆಕ್ಕೂ ಬಗ್ಗಿಯೇ ನಡೆಯಬೇಕು.

ಚಿಕ್ಕಸ್ವಾಮಿ ಆ ಸೊಂಟ ನೋಡಿ ಕರಗಿಹೋದ. "ರೇಸಿನೆತ್ತು ಕಣ್ ಭಾವ!"

"ರೇಸಿನೆತ್ತು ತಂದು ಗೊಬ್ಬರದ ಗಾಡಿಗೆ ಕಟ್ತಾರೇನ್ಲಾ?"

ಆದರೂ ಬಾಮೈದನ ಸಮಾಧಾನಕ್ಕೆಂದು ಮಹಾದೇವಸ್ವಾಮಿ ಒಳಗಿಳಿದು, ಹಿಂದಿನ ಆಸನದಡಿ ಮಲಗಲು ಮಾಡಿದ್ದ ಬಿಲಕ್ಕೆ ತಲೆ ಮುಂದಾಗಿ ತೂರಿದರು. ಎದೆ ಹೋಯಿತು, ಹೊಟ್ಟೆ ಹೋಗಲಿಲ್ಲ. ಹಿಂದಕ್ಕೆ ಬರಲೂ ಒಪ್ಪಲಿಲ್ಲ. ಕತ್ತಲು, ಮೂಗಿಗೆ ಹಲಗೆ, ಹಳೇ ಡೀಸೆಲ್ ವಾಸನೆ. ಹಾಗಿರುವಾಗಲೇ ಮೇಲಿಂದ ಮಾತು ಕೇಳಿತು.

"ಎಲೆ ಅಡಿಕೆ ಹಾಕಿ ಮಾರಾಯ್ರೆ," ಎಂದರು ಜಗನ್.

"ಕೊಡಿ ಸಾ, ಅದ್ಕೇನಂತೆ! ಆಯ್ತು ಅನ್ನಿ!" ಎಂದ ಚಿಕ್ಕಸ್ವಾಮಿ.

ನಮ್ಮ ಕಡೆ ದನದ ವ್ಯಾಪಾರದಲ್ಲಿ ಮಾರುವವನು ವೀಳ್ಯ ನೀಡಿ, ಕೊಳ್ಳುವವನು ಬಾಯಿಗಿಟ್ಟರೆ ಮುಗಿಯಿತು. ಆಮೇಲೆ ಎತ್ತು ಹಟ್ಟಿ ಬಾಗಿಲಲ್ಲೇ ಸತ್ತರೂ ತಿಥಿ ಕೊಂಡವನದೇ. "ಹಾಕ್ಬ್ಯಾಡ ಕಣ್ಲಾ! ಉಗುಳ್ಲಾ!" ಎಂದು ಮಹಾದೇವಸ್ವಾಮಿ ಬಿಲದೊಳಗಿಂದ ಕೂಗಿಕೊಂಡರು. ಆ ಕೂಗಿಗೆ ಮೂರು ಮೈಲಿಯ ಮೀನು ದಿಕ್ಕೆಟ್ಟು ಓಡಿದವೇ ಹೊರತು ಚಿಕ್ಕಸ್ವಾಮಿಗೆ ಕೇಳಿಸಲಿಲ್ಲ.

ಕೊನೆಗೆ ವಿಶಾಲಮ್ಮ ಬಂದು, ಸೊಂಟಕ್ಕೆ ಕೊಬ್ಬರಿ ಎಣ್ಣೆ ಸುರಿದು, ಎರಡು ಕಾಲು ಹಿಡಿದು ಎಳೆದರು. ಹೊರಬಿದ್ದವರು ಎಣ್ಣೆ ಒರೆಸಿಕೊಳ್ಳದೆ ಮೇಲೆ ಓಡಿ, ವೀಳ್ಯಕ್ಕೇ ವ್ಯಾಪಾರ ಮುಗಿಯಿತೇ ಎಂದು ಕೇಳಿದರೆ, ಜಗನ್ ಕಣ್ಣರಳಿಸಿದರು.

"ಎಂಥದು ಮಾರಾಯ್ರೆ! ಬಂದವರಿಗೆ ಎಲೆ ಅಡಿಕೆ ಕೊಡುವುದು ಮರ್ಯಾದೆ ಅಲ್ವಾ? ಅದರಲ್ಲಿ ವ್ಯಾಪಾರ ಎಂಥ ಬಂತು? ನಿಮಗೆ ಬೇಕಾದ ದೋಣಿ ತೆಕ್ಕೊಳ್ಳಿ."

ಬಾಗಿಲು ತೆರೆಯಿತು ಎಂದು ಮಹಾದೇವಸ್ವಾಮಿ ದುಂಡುದೋಣಿಯ ಕಡೆ ಒಂದು ಹೆಜ್ಜೆ ಇಟ್ಟರು. ಚಿಕ್ಕಸ್ವಾಮಿ ದವಡೆಯಲ್ಲಿ ವೀಳ್ಯ ಇಟ್ಟುಕೊಂಡು ಅಗಿಯಲೂ ಆರ, ಉಗಿಯಲೂ ಆರ.

"ಅವ್ರ್ದು ಮರ್ಯಾದೆ ಇರ್ಬೋದು ಭಾವ. ಬಾಯ್ಗಾಕಂಡೋನು ನಾನು. ಸಂತೆ ದಲ್ಲಾಳಿ ನಂಜೇಶಂಗೂ ಫೋನ್ ಮಾಡಿ ಆಯ್ತು ಅಂದ್ಬುಟ್ಟಿವ್ನಿ. ಈಗ ಇಲ್ಲ ಅಂದ್ರೆ, ಇನ್ಯಾವ ಸಂತೇಲಿ ನನ್ ಕೈಗೆ ಎತ್ತಿನ ಅಗ್ಗ ಕೊಟ್ಟಾರು?"

ಮಹಾದೇವಸ್ವಾಮಿ ಹೆಂಡತಿಯ ಮುಖ ನೋಡಿದರು. ವಿಶಾಲಮ್ಮ ತಮ್ಮನನ್ನು ನೋಡಿದರು, ಬೆಕ್ಕಿನ ಅಡಿಗೆಮನೆಯನ್ನು ನೋಡಿದರು, "ನಿಮ್ಮಿಷ್ಟ" ಎಂದರು. ಹಡಗಿನ ಉಗ್ರಾಣಕ್ಕಾದರೂ ಒಂದು ಬಾಗಿಲಿತ್ತು, ಹೆಂಡತಿಯ ಈ ಮಾತಿಗೆ ಅದೂ ಇರಲಿಲ್ಲ. ಅವರು ಜಗನ್ ಹಿಡಿದಿದ್ದ ವೀಳ್ಯದ ತಟ್ಟೆಗೆ ಕೈ ಹಾಕಿ ಒಂದೆಲೆ ತೆಗೆದುಕೊಂಡು ಬಾಯಿಗಿಟ್ಟರು. ಚಿಕ್ಕಸ್ವಾಮಿಯ ದವಡೆ ಆಗ ಆಡಿತು.

ಅಂದಿನಿಂದ ಅಮಾವಾಸ್ಯೆ, ಹುಣ್ಣಿಮೆ ಬಂತೆಂದರೆ ಮೂವರೂ ಬಸ್ಸು ಹತ್ತಿ ಅಳಿವೆಗೆ ಹೋಗುತ್ತಾರೆ. ಆ ದಿನಗಳಲ್ಲಿ ಉಕ್ಕುವ ಭರತದ ನೀರು ಎಷ್ಟೇ ಏರಿದರೂ ಸೀಸದ ರೆಕ್ಕೆ ಮರಳದಿಣ್ಣೆಗೆ ಕಚ್ಚಿಕೊಂಡು, ದೋಣಿ ಹೊಳೆಯ ಬಾಯಲ್ಲೇ ನಿಲ್ಲುತ್ತದೆ. ಚಿಕ್ಕಸ್ವಾಮಿ ಎದೆಮಟ್ಟದ ನೀರಲ್ಲಿ ನಿಂತು ಹಿಂದಿನಿಂದ ನೂಕುತ್ತಾ, "ಹೇಯ್, ನಡಿ ಮಗಾ! ಭಾವ, ಇನ್ನೊಂದ್ ಗೇಣು!" ಎನ್ನುತ್ತಾನೆ. ಮಹಾದೇವಸ್ವಾಮಿ ಚುಕ್ಕಾಣಿ ಹಿಡಿದು, ದಿಣ್ಣೆಯ ಆಚೆ ಬಿಸಿಲಿಗೆ ಹೊಳೆಯುವ ನೀರನ್ನೇ ನೋಡುತ್ತಾರೆ.

"ನೀವು ಕೆಳಕ್ಕಿಳೀರಿ," ಎಂದು ವಿಶಾಲಮ್ಮ ಒಳಗೆ ಕುಕ್ಕುರುಗಾಲಲ್ಲಿ ಕೂತು ಒಗ್ಗರಣೆ ಹಾಕುತ್ತಾ ಕೂಗುತ್ತಾರೆ. "ನಿಮ್ ಒಟ್ಟೆ ಇಳುದ್ರೆ ದೋಣಿ ಒಂದ್ಗೇಣು ತಾನಾಗೇ ಏಳ್ತದೆ."

"ನಾನಿಳುದ್ರೆ ಸಮುದ್ರ ನೋಡೋರ್ಯಾರೇ?" ಎನ್ನುತ್ತಾರೆ ಅವರು, ಇಳಿಯದೆ.