ಸೆರಗಿನಲ್ಲಿ ಮೂರು ಫ್ಯೂಸು

ಹೋದ ವಾರ ನಮ್ಮ ಗೇಟಿಗೆ ಬಣ್ಣ ಹೊಡೆಯಲು ಬಂದಿದ್ದವನು ಕೆಲಸ ಮುಗಿಸಿ ಸೀಮೆಎಣ್ಣೆಯಲ್ಲಿ ಕೈ ತೊಳೆದುಕೊಂಡ. ಈಗಿನ ಕಾಲದಲ್ಲಿ ಅದನ್ನು ಎಲ್ಲಿಂದ ಹೊಂದಿಸಿದ್ದನೋ ಗೊತ್ತಿಲ್ಲ. ಬಣ್ಣವೂ ಸೀಮೆಎಣ್ಣೆಯೂ ಬೆರೆತ ವಾಸನೆ ಅಡುಗೆಮನೆಯವರೆಗೆ ಬಂತು. ಒಗ್ಗರಣೆಗಿಟ್ಟ ಎಣ್ಣೆ ಹೊಗೆಯಾಡುತ್ತಿದ್ದರೂ ನಾನು ಹಾಗೇ ನಿಂತುಬಿಟ್ಟೆ. ಚಳ್ಳಕೆರೆಯ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯ ಪ್ರೆಸ್ಸಿನಲ್ಲಿ ಪ್ರತಿ ಸಂಜೆಯೂ ಇದೇ ವಾಸನೆ. ಮಷೀನು ನಿಲ್ಲಿಸಿದ ಮೇಲೆ ನಮ್ಮ ಸಾಬ್ರು ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒಂದೊಂದೇ ಬೆರಳು ಒರೆಸಿಕೊಳ್ಳುತ್ತಿದ್ದರು. ಎಲ್ಲಾ ಬೆರಳೂ ಇವೆಯಾ ಅಂತ ನಾನು ಓರೆಗಣ್ಣಲ್ಲಿ ನೋಡುತ್ತಿದ್ದೆ. ತಮಾಷೆಗೆ ಹೇಳುತ್ತಿಲ್ಲ…

ಸಾಬ್ರು ಆ ಪ್ರೆಸ್ಸಿನ ಮಾಲೀಕರು, ಮಷೀನು ಓಡಿಸುವವರೂ ಅವರೇ. ನಾನು ಕೊಂಡ್ಲಹಳ್ಳಿಯಿಂದ ಮದುವೆಯಾಗಿ ಚಳ್ಳಕೆರೆಗೆ ಬಂದವಳು. ಗಂಡ ಎಣ್ಣೆ ಮಿಲ್ಲಿಗೆ ಹೋಗುತ್ತಿದ್ದರು. ಮನೆಯಲ್ಲಿ ಕೂತು ಅತ್ತೆಯ ಜೊತೆ ಜಗಳವಾಡುವ ಬದಲು ನಾಲ್ಕು ಕಾಸು ಬರಲಿ ಅಂತ ಪ್ರೆಸ್ಸಿಗೆ ಸೇರಿದೆ. ಹಾಳೆ ಮಡಿಸುವುದು, ಪ್ರೂಫ್ ನೋಡುವುದು, ಬಂದವರಿಗೆ ಇನ್ನೂ ಆಗಿಲ್ಲ ಅಂತ ಸುಳ್ಳುಸುಳ್ಳೇ ಸಬೂಬು ಹೇಳುವುದು ನನ್ನ ಕೆಲಸ. ಜಗಳವಾಡುವ ಅಭ್ಯಾಸ ಮಾತ್ರ ನನ್ನ ಹಿಂದೆಯೇ ಬಂತು.

ತೊಂಬತ್ತರ ದಶಕದ ನಡುವೆ ಸಾಬ್ರು ಕಾಲಲ್ಲಿ ತುಳಿಯುವ ಹಳೇ ಟ್ರೆಡಲ್ ಮಾರಿ, ಮದ್ರಾಸಿನ ಏಜೆಂಟನನ್ನು ಹಿಡಿದು ಜಪಾನಿನ ಸೆಕೆಂಡ್ ಹ್ಯಾಂಡ್ ಆಫ್‌ಸೆಟ್ ಮಷೀನು ತರಿಸಿದರು. ಲಾರಿಯಿಂದ ಇಳಿಸುವಾಗ ಗಲ್ಲಿಯೇ ನೆರೆದಿತ್ತು. ಬಟನ್ನಿಗೊಂದು ಜಪಾನಿ ಅಕ್ಷರ, ಯಾರಿಗೂ ತಲೆಬುಡ ತಿಳಿಯದು. ಒಂದೊಂದೇ ಒತ್ತಿ ನೋಡಿ, ಏನಾಗುತ್ತದೋ ಅದನ್ನು ಮೆಡಿಕಲ್ ಪ್ಲಾಸ್ಟರಿನ ಮೇಲೆ ಉರ್ದುವಿನಲ್ಲಿ ಬರೆದು ಅಂಟಿಸಿದರು. ಅದರ ಕೆಳಗೆ ನಾನು ಕನ್ನಡದಲ್ಲಿ ಬರೆದೆ. ಆದರೂ ಒಂದೆರಡು ಬಟನ್ನುಗಳ ಅರ್ಥ ಕೊನೆಯವರೆಗೂ ತಿಳಿಯಲಿಲ್ಲ, ಅವುಗಳ ತಂಟೆಗೆ ನಾವು ಹೋಗಲೇ ಇಲ್ಲ.

ಆಫ್‌ಸೆಟ್ಟಿಗೆ ಇಂಕಿನಷ್ಟೇ ನೀರೂ ಮುಖ್ಯ. ಅಕ್ಷರ ಮೂಡಿಸಿದ ತಗಡಿನ ಪ್ಲೇಟಿನ ಖಾಲಿ ಜಾಗದಲ್ಲಿ ತೆಳ್ಳಗೆ ನೀರು ನಿಂತರೆ ಮಾತ್ರ ಅಲ್ಲಿಗೆ ಇಂಕು ಹತ್ತುವುದಿಲ್ಲ. ನಮ್ಮೂರ ಬೋರಿನ ನೀರೋ, ಬಿಂದಿಗೆಯೊಳಗೆ ಬಿಳಿ ಪರೆ ಕಟ್ಟುವ ನೀರು. ಅದನ್ನು ಹಾಕಿದರೆ ಸ್ವಲ್ಪ ಹೊತ್ತಿಗೇ ಪ್ಲೇಟು ಮಸಿ ಹಿಡಿದು, ಬಿಳಿ ಹಾಳೆ ಬೂದಿ ಬಳಿದಂತೆ ಬರುತ್ತಿತ್ತು. ಸಿಹಿ ನೀರು ಸಿಕ್ಕ ದಿನ ಸಾಬ್ರು ಮೊದಲ ಕೊಡ ಮಷೀನಿಗೇ ಎತ್ತಿಡುತ್ತಿದ್ದರು. "ನಿನ್ ಸಾಬ್ರು ಅದಕ್ಕೆ ಸಿಹಿ ನೀರು ಕುಡಿಸ್ತಾರೆ, ನಮಗೆ ಉಪ್ಪು ನೀರು" ಅಂತ ಅವರ ಹೆಂಡತಿ, ನಮ್ಮ ಭಾಬಿ, ನನ್ನ ಹತ್ತಿರ ದೂರು ಹೇಳುತ್ತಿದ್ದರು.

ಸಿಹಿ ನೀರು ಸಿಗದ ದಿನಗಳೇ ಜಾಸ್ತಿ. ಆಗ ಪ್ಲೇಟನ್ನು ಮತ್ತೆ ಮತ್ತೆ ಒರೆಸಬೇಕು. ಜಪಾನಿನವರು ಮಷೀನಿಗೆ ಒಂದು ಮುಚ್ಚಳ ಇಟ್ಟಿದ್ದರು, ಎತ್ತಿದ ಕೂಡಲೇ ಮಷೀನು ತಾನಾಗಿ ನಿಲ್ಲುತ್ತಿತ್ತು. ಹಾಗೆ ಪದೇಪದೇ ನಿಂತರೆ ಹಾಳೆ ಹಾಳು, ಬಣ್ಣವೂ ಏರುಪೇರು. ಸಾಬ್ರು ಮುಚ್ಚಳದ ಕೆಳಗಿನ ಪುಟ್ಟ ಸ್ವಿಚ್ಚನ್ನು ಟೇಪು ಸುತ್ತಿ ಒತ್ತಿಟ್ಟರು. ಅಲ್ಲಿಂದ ಮಷೀನು ಬಾಯಿ ತೆರೆದುಕೊಂಡೇ ಓಡತೊಡಗಿತು. ತಿರುಗುವ ಉರುಳೆಗಳ ನಡುವೆ ಇವರು ಒದ್ದೆ ಸ್ಪಂಜು ಹಿಡಿದು ಕೈ ತೂರಿಸುವುದು, ನಾನು ಮಡಿಸುತ್ತಿದ್ದ ಹಾಳೆ ಬಿಟ್ಟು ಎದ್ದು ನಿಲ್ಲುವುದು.

"ಸಾಬ್ರೇ, ಜಪಾನಿನೋರು ದಡ್ಡರೇನ್ರಿ? ಕೈ ಹೋಗ್ಬಾರ್ದು ಅಂತಾನೇ ಅಲ್ವಾ ಅದನ್ನ ಇಟ್ಟಿರೋದು?"

"ಅವರ ಊರಾಗೆ ಒಳ್ಳೆ ನೀರೈತೆ ಬೇಟಿ, ಅವರಿಗೇನು!"

ಒಂದು ದಿನ ಅವರ ಅಂಗಿಯ ತೋಳು ಉರುಳೆಗೆ ಸಿಕ್ಕಿ ಮೊಣಕೈವರೆಗೆ ಹರಿದುಹೋಯಿತು. ಕೈಗೆ ಏನೂ ಆಗಲಿಲ್ಲ. ನಾನು ಮಾತ್ರ ಮರುದಿನದಿಂದ ಕೆಲಸಕ್ಕೆ ಹೋಗುವುದನ್ನು ಬಿಟ್ಟೆ. ಆಮೇಲೆ ಅವರೇ ನಮ್ಮ ಮನೆ ಬಾಗಿಲಿಗೆ ಬಂದು, ತಲೆ ಮೇಲಿನ ಟೋಪಿ ಸರಿಮಾಡಿಕೊಳ್ಳುತ್ತಾ ನಿಂತರು. ಆವತ್ತು ಆದ ಒಪ್ಪಂದ ಇಷ್ಟು: ಒಳಗೆ ಕೈ ಹಾಕುವ ಮೊದಲು ಗೋಡೆಯ ಬೋರ್ಡಿನಿಂದ ಮಷೀನಿನ ಮೂರೂ ಫ್ಯೂಸು ಕಿತ್ತು ನನಗೆ ಕೊಡಬೇಕು, ಕೈ ಹೊರಗೆ ಬಂದ ಮೇಲೆ ಅವರೇ ಕೇಳಿ ತೆಗೆದುಕೊಳ್ಳಬೇಕು. ಮಷೀನು ನಿಲ್ಲಿಸುವ ಸ್ವಿಚ್ಚನ್ನು ನಂಬುವಂತಿರಲಿಲ್ಲ. ಸ್ಟಾರ್ಟರ್ ಸುಟ್ಟ ಮೇಲೆ ಯಾರೋ ಡೈರೆಕ್ಟ್ ವೈರು ಎಳೆದಿದ್ದರಿಂದ, ಹೋದ ಕರೆಂಟು ಬಂದರೆ ಮಷೀನು ಯಾರನ್ನೂ ಕೇಳದೆ ಹೊರಟುಬಿಡುತ್ತಿತ್ತು. ಹಾಳೆ ನಷ್ಟವಾಗುತ್ತದೆ ಅಂತ ಗೊಣಗಿದರೂ ಸಾಬ್ರು ಮಾತು ತಪ್ಪಲಿಲ್ಲ. ಪಿಂಗಾಣಿಯ ಆ ಬಿಳಿ ಫ್ಯೂಸುಗಳನ್ನು ತಂದು ನಾನು ಒಡ್ಡಿದ ಸೆರಗಿಗೆ ಹಾಕುತ್ತಿದ್ದರು. ಅವು ನನ್ನ ಹತ್ತಿರ ಇರುವಷ್ಟು ಹೊತ್ತು ನಾನು ಉಸಿರಾಡುತ್ತಿದ್ದೆ.

ಆ ವರ್ಷ ಮೊಳಕಾಲ್ಮೂರಿನ ಸೀರೆ ಅಂಗಡಿಯ ಶೆಟ್ಟರು ರೇಷ್ಮೆ ಸೀರೆಯ ಬಾಕ್ಸಿನ ಮೇಲೆ ಅಂಟಿಸುವ ಹಾಳೆ ಮಾಡಿಸಲು ಕೊಟ್ಟಿದ್ದರು. ಕುಂಕುಮದಂಥ ಕಡುಗೆಂಪು, ಸುತ್ತ ನವಿಲಿನ ಅಂಚು. ಹಬ್ಬದ ವ್ಯಾಪಾರ ಶುರುವಾಗಿತ್ತು, ಹಾಳೆ ಇನ್ನೂ ಸಿದ್ಧವಿರಲಿಲ್ಲ. ಶೆಟ್ಟರು ಬೆಳಿಗ್ಗೆ ಬಸ್ಸಿಗೇ ಬಂದು, ಹಾಳೆ ಕೈಗೆ ಸಿಗುವವರೆಗೆ ಏಳುವುದಿಲ್ಲ ಅಂತ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂತರು. ಸಿಹಿ ನೀರು ಮುಗಿದಿತ್ತು. ಕರೆಂಟು ಬರುವುದು, ಹೋಗುವುದು.

ಮಧ್ಯಾಹ್ನ ಕರೆಂಟು ಹೋದಾಗ ಒಂದು ಹಾಳೆ ಹರಿದು ಉರುಳೆಗೆ ಸುತ್ತಿಕೊಂಡಿತು. ಸಾಬ್ರು ಎಂದಿನಂತೆ ಫ್ಯೂಸು ಕಿತ್ತು ನನ್ನ ಸೆರಗಿಗೆ ಹಾಕಿ, ಬಲಗೈಯನ್ನು ಮೊಣಕೈವರೆಗೆ ಒಳಗೆ ಬಿಟ್ಟರು. ಹಾಳೆ ಬರಲಿಲ್ಲ. ಜೋರಾಗಿ ಎಳೆದರು. ಎಳೆದ ರಭಸಕ್ಕೆ ಉರುಳೆಯೇ ಒಂದಿಷ್ಟು ತಿರುಗಿ, ಬೆರಳುಗಳನ್ನು ಗೆಣ್ಣಿನವರೆಗೆ ಕಚ್ಚಿಕೊಂಡಿತು. ಅವರು ಕೂಗಲಿಲ್ಲ. "ಬೇಟಿ" ಅಂದರು, ಅಷ್ಟೇ.

ಅದೇ ಹೊತ್ತಿಗೆ ತಲೆ ಮೇಲಿನ ಫ್ಯಾನು ತಿರುಗತೊಡಗಿತು. ಕರೆಂಟು ಬಂದಿತ್ತು.

ಶೆಟ್ಟರು ಕೂತಲ್ಲಿಗೆ ಮಷೀನಿನ ಆ ಬದಿ ಕಾಣುತ್ತಿರಲಿಲ್ಲ. ಅವರು ಧಡಕ್ಕನೆ ಎದ್ದು, ತಮ್ಮ ತೆಲುಗು ಬೆರೆತ ಮಾತಿನಲ್ಲಿ ಕೂಗಿದರು. "ಕರೆಂಟ್ ಬಂತಲ್ಲಮ್ಮಾ, ಇನ್ನೂ ಏನ್ ನೋಡ್ತೀಯಾ? ಇಟ್ರಾ, ಆ ಫ್ಯೂಸು ನನ್ ಕೈಗೆ ಕೊಡು, ನಾನೇ ಹಾಕ್ತೀನಿ. ಮಳ್ಳೀ ಕರೆಂಟ್ ಹೋದ್ರೆ ಏನ್ ಗತಿ?"

"ಯಾರ ಕೈಗೂ ಕೊಡಲ್ಲ. ಸುಮ್ಕೆ ಕೂತ್ಕಳ್ರಿ!"

ಅಷ್ಟು ದೊಡ್ಡ ಮನುಷ್ಯರಿಗೆ ಹಾಗೆ ಗದರುತ್ತೇನೆ ಅಂತ ನಾನೇ ಎಣಿಸಿರಲಿಲ್ಲ. ಕೈಯನ್ನು ಬಿಡಿಸಬೇಕಾದರೆ ಮಷೀನಿನ ಇನ್ನೊಂದು ಬದಿಯ ಚಕ್ರ ತಿರುಗಿಸಬೇಕಿತ್ತು. ಸಾಬ್ರ ಎಡಗೈಗೆ ಅದು ಎಟುಕದು. ಮೂರೂ ಫ್ಯೂಸನ್ನು ಸೆರಗಿನ ತುದಿಯಲ್ಲಿ ಬಿಗಿಯಾಗಿ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡು ಆ ಕಡೆ ಹೋದೆ. ಚಕ್ರದ ಮೇಲೆ ಬಾಣದ ಗುರುತು, ಅದರ ಪಕ್ಕ ಜಪಾನಿ ಅಕ್ಷರ. ಆ ಬಾಣ ಮುಂದಕ್ಕೋ ಹಿಂದಕ್ಕೋ ಯಾರಿಗೆ ಗೊತ್ತು? ತಪ್ಪು ದಿಕ್ಕಿಗೆ ತಿರುಗಿಸಿದರೆ ಕೈ ಇನ್ನೂ ಒಳಗೆ ಹೋಗುತ್ತದೆ.

"ಹಿಂದಕ್ಕೆ ತಿರುಗ್ಸು" ಅಂದರು ಸಾಬ್ರು.

"ಹಿಂದಕ್ಕೆ ಅಂದ್ರೆ ಗೋಡೆ ಕಡೀಕಾ, ಬಾಗ್ಲು ಕಡೀಕಾ? ಸರಿಯಾಗಿ ಹೇಳ್ರಿ!"

ಅವರು ಕಣ್ಣು ಮುಚ್ಚಿಕೊಂಡರು. ನೋವಿಗೋ, ಲೆಕ್ಕ ಹಾಕುವುದಕ್ಕೋ ತಿಳಿಯಲಿಲ್ಲ. ಹಣೆಯ ಬೆವರು ಮೂಗಿನ ತುದಿಗೆ ಬಂದು ನಿಂತಿತ್ತು. ಶೆಟ್ಟರು ಬಗ್ಗಿ ನೋಡಿ, "ಅಯ್ಯೋ ದೇವುಡಾ" ಅಂತ ಬಾಯಿ ಮುಚ್ಚಿಕೊಂಡರು. ಕೊನೆಗೆ ಸಾಬ್ರು, "ಗೋಡೆ ಕಡೆ… ಮೆಲ್ಲಗೆ" ಅಂದರು. ಎರಡೂ ಕೈಯಲ್ಲಿ ಚಕ್ರ ಹಿಡಿದು ಕೂದಲೆಳೆಯಷ್ಟು ತಿರುಗಿಸಿ ಅವರ ಮುಖ ನೋಡಿದೆ. "ಹ್ಞಾ" ಅಂದರು. ಇನ್ನೊಂದಿಷ್ಟು ತಿರುಗಿಸಿದೆ. ಬಿಸ್ಮಿಲ್ಲಾ ಅನ್ನುತ್ತಾ ಕೈ ಎಳೆದುಕೊಂಡರು.

ಮುಂಗೈಯೆಲ್ಲ ಕೆಂಪು. ಇಂಕೋ ರಕ್ತವೋ ಗೊತ್ತಾಗಲಿಲ್ಲ. ಅವರು ಸೀಮೆಎಣ್ಣೆಯ ಬಟ್ಟೆಯಿಂದ ಒರೆಸುತ್ತಾ ಹೋದರು, ಬಣ್ಣ ಹೋಗುತ್ತಾ ಬಂತು, ಬೆರಳು ಒಂದೊಂದೇ ಕಾಣಿಸಿತು. ಎರಡು ಉಗುರು ನೀಲಿಗಟ್ಟಿದ್ದವು, ಬೇರೇನೂ ಇಲ್ಲ. ನಾನು ಹಾಳೆಯ ಬಂಡಲಿನ ಮೇಲೆ ಕುಸಿದು ಕೂತು ಗೊಳೋ ಅಂತ ಅತ್ತೆ. ಅವರು ಸ್ವಲ್ಪ ಸುಧಾರಿಸಿಕೊಂಡು ಫ್ಯೂಸು ಕೇಳಿದರು. "ಮೊದ್ಲು ಟೀ ಕುಡೀರಿ, ಆಮೇಲೆ ಫ್ಯೂಸು" ಅಂದೆ. ಟೀ ತಂದವರು ಶೆಟ್ಟರು. ಅಷ್ಟು ಹೊತ್ತೂ ಅವಸರ ಮಾಡುತ್ತಿದ್ದವರು ಸಂಜೆಯ ಬಸ್ಸಿಗೆ ಬರಿಗೈಲಿ ಹೊರಟು, ಹಾಳೆಯನ್ನು ಮರುದಿನ ಬಂದು ಒಯ್ದರು.

ಎರಡು ಸಾವಿರದ ನಂತರ ಕಾಲ ಬದಲಾಯಿತು. ಮದುವೆ ಕಾರ್ಡು ಶಿವಕಾಶಿಯಿಂದ ಬರತೊಡಗಿತು, ಬೀದಿ ತುಂಬ ಫ್ಲೆಕ್ಸು. ಸಾಬ್ರು ಪ್ರೆಸ್ಸು ಮುಚ್ಚಿ ಮಷೀನನ್ನು ಮೊಳಕಾಲ್ಮೂರಿನವರೊಬ್ಬರಿಗೆ ಮಾರಿದರು. ಆ ಮಷೀನಿನ ಮರ್ಜಿ ಹಿಡಿಯುವುದು ಕೊಂಡವರಿಗೆ ಆಗಲಿಲ್ಲ, ಇವರನ್ನೇ ಆಪರೇಟರ್ ಆಗಿ ಕರೆದರು. ನನಗೂ ಕೆಲಸ ಕೊಡಿಸುತ್ತೇನೆ ಅಂದರು ಸಾಬ್ರು. ನನ್ನ ಮಗಳು ಚಿಕ್ಕವಳು, ಅತ್ತೆ ಹಾಸಿಗೆ ಹಿಡಿದಿದ್ದರು. ಹೋಗುವ ಮಾತೇ ಇರಲಿಲ್ಲ.

"ಅಲ್ಲಿ ಫ್ಯೂಸು ಯಾರಿಗೆ ಕೊಡ್ತೀರಿ?" ಅಂತ ಕೇಳಿದೆ.

"ಯಾರಾದ್ರೂ ಇರ್ತಾರೆ ಬಿಡು" ಅಂತ ನಕ್ಕರು.

ಮುಂದಿನ ಬೇಸಿಗೆಯ ಹೊತ್ತಿಗೆ ಸುದ್ದಿ ಬಂತು… ನಾನು ನೋಡಲು ಹೋದಾಗ ಸಾಬ್ರು ಮನೆಯ ಹಜಾರದಲ್ಲಿ ಮಂಚದ ಮೇಲೆ ಕೂತಿದ್ದರು. ಬಲಗೈಗೆ ಟವೆಲು ಮುಚ್ಚಿತ್ತು. ಏನಾಯಿತು ಅಂತ ಅವರೇ ಹೇಳಿದರು. ಫ್ಯೂಸು ಕಿತ್ತು ಟೇಬಲ್ಲಿನ ಮೇಲೆ ಇಟ್ಟು ಉರುಳೆ ಒರೆಸುತ್ತಿದ್ದರಂತೆ. ಟೀ ಕುಡಿದು ಬಂದ ಕೆಲಸದವನು, ಇವರ ಕೈ ಒಳಗಿರುವುದು ಕಾಣದೆ, ಕರೆಂಟಿದ್ದೂ ಮಷೀನು ನಿಂತಿದೆಯಲ್ಲ ಅಂತ ಫ್ಯೂಸುಗಳನ್ನು ಎತ್ತಿ ಮತ್ತೆ ಬೋರ್ಡಿಗೆ ಸಿಕ್ಕಿಸಿದನಂತೆ.

"ಅವನದೇನೂ ತಪ್ಪಿಲ್ಲ ಬೇಟಿ. ಕೆಲಸ ನಿಲ್ಲಬಾರ್ದು ಅಂತ ಮಾಡ್ದ. ಒಳ್ಳೆ ಮನುಷ್ಯ."

ನನಗೆ ಸಿಟ್ಟು ನೆತ್ತಿಗೇರಿತು. ಆ ಒಳ್ಳೆಯ ಮನುಷ್ಯನ ಮೇಲೆ, ಸ್ವಿಚ್ಚಿಗೆ ಸುತ್ತಿದ ಟೇಪಿನ ಮೇಲೆ, ನಗುತ್ತಾ ಕೂತಿದ್ದ ಈ ಮುದುಕರ ಮೇಲೂ. ಆದರೆ ಜಗಳವಾಡಲು ಬಾಯೇ ಬರಲಿಲ್ಲ. ಭಾಬಿ ಕೊಟ್ಟ ಟೀ ಕುಡಿದು ಎದ್ದೆ. ಸಾಬ್ರು ಸಲಾಮಿಗೆ ಎಂದಿನಂತೆ ಬಲಗೈ ಎತ್ತಲು ಹೋಗಿ, ಟವೆಲು ಜಾರಿದ್ದು ಕಂಡು ಹಾಗೇ ಇಳಿಸಿದರು. ಎಡಗೈ ಎತ್ತಲಿಲ್ಲ. ತಲೆಯನ್ನಷ್ಟೇ ಬಾಗಿಸಿದರು.

ಸಾಬ್ರು ತೀರಿಕೊಂಡು ವರ್ಷಗಳಾದವು. ಪ್ರೆಸ್ಸಿದ್ದ ಜಾಗದಲ್ಲಿ ಈಗ ಮೊಬೈಲ್ ಅಂಗಡಿ. ನಾನು ಆ ಗಲ್ಲಿಯಲ್ಲಿ ಹೋಗುವುದು ಕಡಿಮೆ. ಹೋದರೂ ತಲೆ ತಗ್ಗಿಸಿಕೊಂಡು ದಾಟಿಬಿಡುತ್ತೇನೆ. ಆವತ್ತು ಮಂಚದ ಪಕ್ಕ ಕೂತು ಆ ಕೈ ಹಿಡಿದುಕೊಳ್ಳಬೇಕು ಅಂತ ನನಗೆ ತುಂಬ ಅನ್ನಿಸಿತ್ತು. ಅವರ ಮನೆಯವರೆಲ್ಲ ಇದ್ದರು, ನಾನು ಹೊರಗಿನ ಹೆಂಗಸು, ಸಂಕೋಚವಾಯಿತು… ಅಷ್ಟು ವರ್ಷ ಆ ಕೈಯನ್ನು ಕಾದೆ. ಒಂದು ಸಲವೂ ಮುಟ್ಟಿರಲಿಲ್ಲ.