ಈರುಳ್ಳಿಯ ವಾಸನೆ ತಿಳಿಯದ ದಿನ

ಆ ಬೀದಿಯ ಸಣ್ಣ ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದವಳನ್ನು ಗಿರಾಕಿಗಳೆಲ್ಲ ಅಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷ ಮೂಗನ್ನೇ ನಂಬಿ ಬೇಯಿಸಿದವಳು. ಊರೆಲ್ಲ ಹಬ್ಬಿದ್ದ ಸೋಂಕಿನ ದೆಸೆಯಿಂದ ಮೇಜುಗಳನ್ನೆಲ್ಲ ಗೋಡೆಗೆ ಒರಗಿಸಿ ಮೂರು ತಿಂಗಳಾಗಿತ್ತು. ಆರ್ಡರುಗಳೆಲ್ಲ ಈಗ ಅವಳ ತಮ್ಮನ ಮೊಬೈಲಿಗೆ, ಆ್ಯಪ್‌ ಮೂಲಕ. ಹಳಬರು ಮಾತ್ರ ಕೈಬಿಟ್ಟಿರಲಿಲ್ಲ. ನಿವೃತ್ತ ಮೇಷ್ಟರೊಬ್ಬರು ದಿನಾ ಇಲ್ಲಿಂದಲೇ ಸೂಪು ತರಿಸುತ್ತಿದ್ದರು. ಎದುರು ಹೋಟೆಲಿನ ರಿಯಾಯಿತಿಗೆ ಸೊಪ್ಪು ಹಾಕಿರಲಿಲ್ಲ.

ಅಂದು ಬಾಣಲೆಯಲ್ಲಿ ಈರುಳ್ಳಿ ಕೆಂಪಾಗಿ, ಕಪ್ಪಾಗತೊಡಗಿತು. ಕಣ್ಣಿಗೆ ಕಂಡಿತೇ ಹೊರತು ಅಕ್ಕನ ಮೂಗಿಗೆ ಏನೂ ತಿಳಿಯಲಿಲ್ಲ. ಬೆಳ್ಳುಳ್ಳಿ ಜಜ್ಜಿ, ಮಾಸ್ಕು ಸರಿಸಿ ಮೂಸಿದಳು. ಊಹೂಂ. ವಾಸನೆ ಹೋಗುವುದು ಆ ಸೋಂಕಿನ ಗುರುತೆಂದು ಅವಳು ಕೇಳಿದ್ದಳು.

“ಒಲೆ ಆರಿಸೋ. ನಂಗೆ ಅಂಟ್ಕೊಂಡಿದೆ.”

“ಹತ್ತೊಂಬತ್ತು ಆರ್ಡರ್ ಕಾಯ್ತಿವೆ ಅಕ್ಕಾ!” ತಮ್ಮ ದನಿ ತಗ್ಗಿಸಿದ. “ಎಲ್ಲಾ ಕ್ಯಾನ್ಸಲ್ ಮಾಡಿದ್ರೆ ಆ್ಯಪ್‌ನೋರು ನಮ್ಮನ್ನ ಪಟ್ಟಿಯ ತಳಕ್ಕೆ ತಳ್ತಾರೆ. ಬರೀ ನೆಗಡಿ ಇರ್ಬೋದು. ಇವತ್ತೊಂದಿನ ಸುಮ್ನಿರೋಣ.”

“ಮೇಷ್ಟ್ರ ಸೂಪು?”

“ಆಗ್ಲೇ ಹೋಯ್ತು.”

ಊಟದಿಂದ ಅಂಟುತ್ತದೋ ಇಲ್ಲವೋ, ಆಗ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಆ್ಯಪ್‌ ಗಿರಾಕಿಯ ನಂಬರು ತೋರಿಸುತ್ತಿರಲಿಲ್ಲ; ಡೆಲಿವರಿಯವನದ್ದಷ್ಟೇ ಇತ್ತು. ಎರಡು ಸಲ ರಿಂಗಾಗಿ ನಿಂತಿತು. ಮೂರನೆಯ ಸಲ ಎತ್ತಿದ.

“ಗೇಟಿಗೆ ನೇತುಹಾಕಿ ಬಂದೆನಲ್ಲಮ್ಮಾ.”

“ವಾಪಸ್ ಹೋಗಪ್ಪಾ, ಕೈ ಮುಗೀತೀನಿ. ಕುಡೀಬೇಡಿ ಅಂತ ಕೂಗಿ ಹೇಳು!”

ಅತ್ತ ಅವನು ಗಾಡಿ ತಿರುಗಿಸಿದ. ಇತ್ತ ಅವಳು ಮೊಬೈಲು ಕಸಿದುಕೊಂಡು ಒಂದೊಂದೇ ಆರ್ಡರು ರದ್ದು ಮಾಡಿದಳು. ಆ್ಯಪ್‌ ಕಾರಣ ಕೇಳಿತು. ‘ಸಾಮಾನು ಮುಗಿದಿದೆ’ ಎಂಬುದನ್ನು ಒತ್ತು ಎಂದು ತಮ್ಮ ಗೋಗರೆದ. ಅವಳು ‘ಇತರೆ’ ಒತ್ತಿ ಬರೆದಳು: ಅಡುಗೆಯವಳಿಗೆ ಸೋಂಕಿನ ಅನುಮಾನ.

ಫೋನು ಬಂತು. ಡೆಲಿವರಿಯವನಿಂದ ನಂಬರು ಪಡೆದ ಮೇಷ್ಟರದೇ ದನಿ. “ನಾಲ್ಕು ಚಮಚ ಕುಡಿದಾಗಿದೆಯಮ್ಮಾ. ಏನು ಮಾಡ್ಲಿ?”

“ಉಳಿದದ್ದು ಚೆಲ್ಲಿಬಿಡಿ ಮೇಷ್ಟ್ರೇ. ಜ್ವರ ಬಂದ್ರೆ ತಕ್ಷಣ ಹೇಳಿ.”

ಮರುದಿನ ಪರೀಕ್ಷೆಯಲ್ಲಿ ಸೋಂಕು ಖಚಿತವಾಯಿತು. ಹಿಂದಿನ ಕೋಣೆಯಲ್ಲಿ ಮಲಗಿ, ದಿನಾ ಬಾಗಿಲ ಸಂದಿನಿಂದ ತಮ್ಮನಿಗೆ ಒಂದೇ ಪ್ರಶ್ನೆ: “ಮೇಷ್ಟ್ರಿಗೆ ಜ್ವರ ಬಂತಾ?” ಆರನೆಯ ದಿನ ಅವರು ಫೋನು ಎತ್ತಲಿಲ್ಲ. ಅಕ್ಕ ಅನ್ನ ಮುಟ್ಟಲಿಲ್ಲ. ಸಂಜೆಗೆ ಮೇಷ್ಟರೇ ಫೋನು ಮಾಡಿದರು, ಚಾರ್ಜರು ಕೆಟ್ಟಿತ್ತಂತೆ. ಹದಿನಾಲ್ಕು ದಿನ ಕಳೆದರೂ ಅವರಿಗೆ ಏನೂ ಆಗಲಿಲ್ಲ.

ಹೋಟೆಲಿನ ಬಾಗಿಲು ಮತ್ತೆ ತೆರೆದಾಗ ತಮ್ಮ ಹೇಳಿದಂತೆಯೇ ಆಗಿತ್ತು. ಪಟ್ಟಿಯಲ್ಲಿ ಅವರ ಹೋಟೆಲು ಎಲ್ಲೋ ತಳದಲ್ಲಿತ್ತು. ‘ರೋಗದ ಹೋಟೆಲು’ ಎಂದೂ ಒಬ್ಬರು ಬರೆದಿದ್ದರು. ಬಹಳ ಮಂದಿ ಮರಳಲೇ ಇಲ್ಲ. ಮಧ್ಯಾಹ್ನ ಮೇಷ್ಟರ ಫೋನು ಬಂತು.

“ಆ್ಯಪ್‌ನಲ್ಲಿ ಹುಡುಕಿ ಹುಡುಕಿ ಬೆರಳು ನೋವು ಬಂತು. ಇನ್ಮೇಲೆ ನೇರ ನಿಮಗೇ ಹೇಳ್ತೀನಿ. ಪಕ್ಕದ ಮನೆಯೋರಿಗೂ ಬೇಕಂತೆ. ನೀವು ಬಚ್ಚಿಡಲಿಲ್ಲವಲ್ಲ, ಅದಕ್ಕೇ.”

ಅಕ್ಕನಿಗೆ ವಾಸನೆ ಇನ್ನೂ ಪೂರ್ತಿ ಮರಳಿರಲಿಲ್ಲ. ರುಚಿ ನೋಡಲು ತಮ್ಮನನ್ನು ಕರೆದು, ಬಾಣಲೆ ಒಲೆಗಿಟ್ಟಳು.