ನಳಿಗೆ ಮುಚ್ಚಿದ ಕೋವಿ

ಟುವಾಸ್‌ನ ಶೆಡ್ಡಿನಲ್ಲಿ ಆ ಭಾನುವಾರ ನಡೆದದ್ದನ್ನು ಹೇಳಲು ಹೊರಟಾಗಲೆಲ್ಲ ಜನ ಮೊದಲು ಕೇಳುವ ಪ್ರಶ್ನೆ ಒಂದೇ: ಸಿಂಗಪುರದಲ್ಲಿ ಕೋವಿ ಎಲ್ಲಿಂದ ಬಂತು? ಅಲ್ಲಿಂದಲೇ ಶುರುಮಾಡುತ್ತೇನೆ.

ಯಿಶುನ್‌ನಲ್ಲಿ ನಮ್ಮ ಬ್ಲಾಕಿನ ಎದುರಿನ ಕಾಂಡೋದಲ್ಲಿ ಕೊಡಗಿನವರೊಬ್ಬರಿದ್ದರು. ಬ್ಯಾಂಕಿನಲ್ಲಿ ದೊಡ್ಡ ಕೆಲಸ. ಮದುವೆಯಾಗಿ ಬಹಳ ವರ್ಷಗಳ ಮೇಲೆ ಆಗಷ್ಟೇ ಅವರಿಗೆ ಗಂಡು ಮಗು ಹುಟ್ಟಿತ್ತು. ಅವರ ಕಡೆ ಗಂಡು ಹುಟ್ಟಿದರೆ ಅಂಗಳದಲ್ಲಿ ನಿಂತು ಆಕಾಶಕ್ಕೆ ಒಂದು ಗುಂಡು ಹಾರಿಸುತ್ತಾರೆ. ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗೆ ಹೂ ಮುಡಿಸಿ ಪೂಜೆ ಮಾಡುತ್ತಾರೆ. ಗುಂಡು ಹಾರಿಸುವ ಮಾತು ಇಲ್ಲಿ ಕನಸಿನಲ್ಲೂ ಆಡುವಂತಿಲ್ಲ. ಆದರೆ ಮಗನ ಮೊದಲ ಹಬ್ಬಕ್ಕೆ ದೇವರ ಮುಂದೆ ಒಂದು ಕೋವಿ ಒರಗಿಸಿಟ್ಟು, ಮಗುವನ್ನು ಅದರ ಪಕ್ಕ ಮಲಗಿಸಬೇಕು ಎಂಬುದು ಅವರ ತಲೆಯಲ್ಲಿ ಕೂತುಬಿಟ್ಟಿತ್ತು. ಆಟಿಕೆಯಲ್ಲ, ನಿಜವಾದದ್ದೇ ಬೇಕು, ಆದರೆ ಸತ್ತದ್ದು, ಗುಂಡು ಹಾರದ್ದು ಬೇಕು ಎನ್ನುತ್ತಿದ್ದರು.

ಇಲ್ಲಿ ಏರ್ ರೈಫಲ್ ಕೂಡ ಆಯುಧವೇ. ಪರವಾನಗಿ ಇಲ್ಲದೆ ಇಟ್ಟುಕೊಂಡು ಸಿಕ್ಕಿಬಿದ್ದರೆ ಕೆಲಸ, ವೀಸಾ, ಮಾನ ಎಲ್ಲ ಒಟ್ಟಿಗೆ ಹೋಗುತ್ತವೆ. ಜೈಲು ಬೇರೆ. ಇದು ಅವರಿಗೆ ಗೊತ್ತಿರಲಿಲ್ಲ ಎಂದಲ್ಲ. ಕೋವಿ ಎಂದರೆ ಮನೆಯ ಕಂಬದಂತೆ, ಒನಕೆಯಂತೆ ಎಂದುಕೊಂಡು ಬೆಳೆದವರು. ಕಾನೂನನ್ನು ಓದಿದ್ದರು, ಅದು ತಮಗೂ ತಗಲುತ್ತದೆ ಎಂದು ಒಳಗಿನಿಂದ ನಂಬಿರಲಿಲ್ಲ.

ಆಗ ಹಳೆಯ ಕ್ಯಾಮೆರಾ, ಸೈಕಲ್ಲು, ಗಾಳದ ಕೋಲು ಮಾರುವ ಇಂಟರ್ನೆಟ್ ಫೋರಂಗಳು ಬಹಳ ಇದ್ದವು. ಅಂಥ ಒಂದು ಫೋರಂನ ಮೂಲೆಯಲ್ಲಿ ಅವರಿಗೆ ಒಂದು ಜಾಹೀರಾತು ಸಿಕ್ಕಿತು. ಹಳೆಯ ಏರ್ ರೈಫಲ್, ನಳಿಗೆಯನ್ನು ವೆಲ್ಡ್ ಮಾಡಿ ಮುಚ್ಚಿದೆ, ಸ್ಪ್ರಿಂಗ್ ತೆಗೆದಿದೆ, ಗೋಡೆಗೆ ತೂಗುಹಾಕಲು ಮಾತ್ರ. ಮಾರುವವನ ಐಡಿಯಲ್ಲಿ ಉತ್ತರ ಕರ್ನಾಟಕದ ಒಂದು ಊರಿನ ಹೆಸರಿತ್ತು. ಇವರು ಕನ್ನಡದಲ್ಲೇ ಮೇಲ್ ಹಾಕಿದರು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡದಲ್ಲಿ ಉತ್ತರ ಬಂತು. ಅಲ್ಲಿಗೆ ಮುಗಿಯಿತು. ಫೋಟೊ ಕೇಳಲಿಲ್ಲ, ಎಲ್ಲಿಂದ ಬಂದದ್ದು ಎಂದು ಕೇಳಲಿಲ್ಲ. ಆತನೂ ಇವರು ಯಾರೆಂದು ವಿಚಾರಿಸಲಿಲ್ಲ. ಪೊಲೀಸರ ಕಡೆಯವರಿರಬಹುದೆಂಬ ಅನುಮಾನವೂ ಆತನಿಗೆ ಬರಲಿಲ್ಲ. ಪರವೂರಿನಲ್ಲಿ ಕನ್ನಡ ಕೇಳಿಸಿದರೆ ನಾವೆಲ್ಲ ಹೀಗೇ. ಬಾಡಿಗೆ ಮನೆ, ಚೀಟಿ, ಮಗುವಿನ ಟ್ಯೂಷನ್, ಎಲ್ಲವನ್ನೂ ಮಾತಿನ ಮೇಲೆ ಬಿಟ್ಟುಬಿಡುತ್ತೇವೆ.

ನಾನು ಸೆಲೆಟಾರ್‌ನಲ್ಲಿ ವಿಮಾನದ ಇಂಜಿನ್‌ಗಳ ಇನ್ಸ್‌ಪೆಕ್ಷನ್ ಮಾಡುತ್ತಿದ್ದೆ. ನಳಿಗೆ ಮುಚ್ಚಿದೆಯೋ ಇಲ್ಲವೋ ನೋಡಲು ಬನ್ನಿ ಎಂದು ನನ್ನನ್ನು ಕರೆದರು. ಬೇಡ ಎಂದು ಹೇಳಲು ಹೋದೆ. ಆದರೆ ಜೊತೆಗೆ ಹೋಗಿ ಅದು ಬೇಡದ ವಸ್ತು ಎಂದು ತೋರಿಸಿಬಿಟ್ಟರೆ ಅವರೇ ಕೈಬಿಡುತ್ತಾರೆ ಅನ್ನಿಸಿತು. ನಳಿಗೆಯೊಳಗೆ ತೂರಿಸಿ ನೋಡಲು ಒಂದು ತೆಳು ಸ್ಟೀಲ್ ಕಡ್ಡಿಯನ್ನೂ ಟಾರ್ಚನ್ನೂ ಜೇಬಿನಲ್ಲಿಟ್ಟುಕೊಂಡು ಅವರ ಕಾರು ಹತ್ತಿದೆ.

ಮಾರುವಾತ ಕಾರ್ಖಾನೆಗಳೇ ತುಂಬಿದ ಟುವಾಸ್‌ನ ಒಂದು ಸಣ್ಣ ಮಶೀನ್ ಶಾಪಿನಲ್ಲಿ ಇಂಜಿನಿಯರ್. ಭಾನುವಾರ ಶೆಡ್ಡಿನಲ್ಲಿ ಯಾರೂ ಇರುವುದಿಲ್ಲ, ಕೀ ತನ್ನ ಹತ್ತಿರವೇ ಇರುತ್ತದೆ ಎಂದು ಮೊದಲೇ ಹೇಳಿದ್ದ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಸಿಕೊಂಡು ತಂದ ಕಾಫಿ ನಮಗಾಗಿ ಕಾದಿತ್ತು. ಊರಿಂದ ಬಂದದ್ದೆಂದು ಶೇಂಗಾ ಹೋಳಿಗೆಯನ್ನೂ ಬಿಚ್ಚಿಟ್ಟ. ನಮ್ಮೊಡನೆ ಅಚ್ಚ ಬೆಂಗಳೂರು ಕನ್ನಡ ಮಾತಾಡಿದ. ಪಾರ್ಕಿಂಗ್ ಸಿಕ್ತಾ ಸರ್, ದಾರಿ ಕನ್ಫ್ಯೂಸ್ ಆಗ್ಲಿಲ್ವಾ ಸರ್. ಕಾಂಟ್ರ್ಯಾಕ್ಟ್ ಮುಗಿಯಿತು, ತಿಂಗಳ ಕೊನೆಗೆ ಊರಿಗೆ ಹೊರಟೆ, ಸಾಮಾನೆಲ್ಲ ವಿಲೇವಾರಿ ಮಾಡುತ್ತಿದ್ದೇನೆ ಎಂದ. ರೈಫಲ್ಲು ಹಿಂದೆ ಇಲ್ಲಿ ಕೆಲಸ ಮಾಡಿ ಹೋದ ಯಾವನೋ ಬಿಟ್ಟುಹೋದದ್ದಂತೆ. ಕಬ್ಬಿಣದ ರಾಡುಗಳ ನಡುವೆ ಗೋಣಿಯಲ್ಲಿ ಸುತ್ತಿಟ್ಟಿದ್ದ. ಬಿಚ್ಚಿದಾಗ ಮರದ ಹಿಡಿಯ ಮೇಲೆ ವಿಭೂತಿಯ ಮೂರು ಪಟ್ಟಿ ಕಂಡವು. ಆಯುಧಪೂಜೆಗೆ ಲೇತ್ ಮಶೀನಿನ ಜೊತೆ ಇದಕ್ಕೂ ಹಚ್ಚಿದೆ ಎಂದು ನಾಚಿಕೊಂಡು ಹೇಳಿದ.

ನಾನು ಕಡ್ಡಿ ತೆಗೆದೆ. ಆತ ಬಂದೂಕನ್ನು ತನ್ನ ಕಡೆ ಎಳೆದುಕೊಂಡ.

"ಸರ್, ನಮ್ಮೋರ ನಡುವೆ ಇದೆಲ್ಲಾ ಬೇಕಾ? ನಾನೇ ವೆಲ್ಡ್ ಮಾಡಿದ್ದು. ಕಡ್ಡಿ ಹಾಕಿ ಚೆಕ್ ಮಾಡ್ತೀರಂದ್ರೆ ನನ್ನ ಮಾತಿಗೆ ಏನ್ ಬೆಲೆ?"

ಬ್ಯಾಂಕಿನವರು ನಕ್ಕರು. ಸರಿಯಾಗಿ ಹೇಳಿದಿರಿ ಎಂದರು. ನನ್ನ ಕಡ್ಡಿಯನ್ನು ಜೇಬಿಗೆ ಹಾಕಿಸಿದರು. ಬಂದೂಕು ಕೊಡಿ, ಕೈಯಲ್ಲಿ ತೂಕ ನೋಡುತ್ತೇನೆ ಎಂದು ತೆಗೆದುಕೊಂಡರು. ಅವರು ಅದನ್ನು ಹಿಡಿದ ರೀತಿಯೇ ಬೇರೆ. ಹಿಡಿ ಭುಜಕ್ಕೆ ತಾನಾಗಿ ಹೋಗಿ ಕೂತಿತು. ಚಿಕ್ಕಂದಿನಲ್ಲಿ ಖಾಲಿ ಕೋವಿಯನ್ನು ಕೋಳಿಯ ಕಡೆ ತಿರುಗಿಸಿದ್ದಕ್ಕೆ ಅಜ್ಜ ಬೆತ್ತದಲ್ಲಿ ಬಾರಿಸಿದ್ದರು, ಖಾಲಿ ಕೋವಿ ಅನ್ನುವುದೇ ಇಲ್ಲ ಎಂದು ಕಲಿಸಿದ್ದರು ಎಂದು ಕಾರಿನಲ್ಲಿ ಬರುವಾಗ ಅವರೇ ಹೇಳಿದ್ದರು. ಅದೇ ಮನುಷ್ಯ ಈಗ ನಳಿಗೆಯನ್ನು ನಿಧಾನವಾಗಿ ತಿರುಗಿಸಿ ಆತನ ಮುಖದ ನೇರಕ್ಕೆ ತಂದು ನಿಲ್ಲಿಸಿದರು. ನಡುವೆ ಹೋಳಿಗೆಯ ಡಬ್ಬಿ ಇಟ್ಟಿದ್ದ ಮೇಜು ಮಾತ್ರ ಇತ್ತು.

"ಕಡ್ಡಿ ಬೇಡ. ನೀವೇ ನಿಂತ್ಕೊಳ್ಳಿ. ಮುಚ್ಚಿದೆ ಅಂದ್ರಲ್ಲ, ಟ್ರಿಗರ್ ಒತ್ತಿ ನೋಡ್ತೀನಿ. ನಿಮ್ಮ ಮಾತಿಗೆ ಬೆಲೆ ಕೊಡ್ಬೇಕಲ್ವಾ?"

ತಮಾಷೆ ಎಂದುಕೊಂಡು ಆತ ನಕ್ಕ. ಬ್ಯಾಂಕಿನವರ ಬೆರಳು ಟ್ರಿಗರಿನ ಬಳೆಯೊಳಗೆ ಹೋಯಿತು. ನಗು ನಿಂತಿತು, ಆದರೆ ಆತ ಪಕ್ಕಕ್ಕೆ ಸರಿಯಲಿಲ್ಲ. ನನಗೆ ಇವತ್ತಿಗೂ ಕಾಣುವುದು ಅದೇ. ಒಂದು ಹೆಜ್ಜೆ ಸರಿದಿದ್ದರೂ ಸಾಕಿತ್ತು. ಸರಿದರೆ ಸುಳ್ಳು ಒಪ್ಪಿಕೊಂಡ ಹಾಗೆ. ಅದಕ್ಕೇ ನಿಂತ. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಪ್ಯಾಂಟಿಗೆ ಒರೆಸಿಕೊಳ್ಳುತ್ತ ನಿಂತ. ನಾನು ಸರ್, ಇಳಿಸಿ ಎಂದೆ. ಅವರ ತೋಳನ್ನು ಹಿಡಿಯಬಹುದಿತ್ತು. ಹಿಡಿದ ಏಟಿಗೆ ಬೆರಳು ಬಿಗಿದರೆ ಎಂದು ಕೈ ಅಲ್ಲೇ ನಿಂತಿತು. ತಗಡಿನ ಸೂರು ಬಿಸಿಲಿಗೆ ಟಕ್ ಟಕ್ ಎನ್ನುತ್ತಿತ್ತು. ಪ್ರತಿ ಸದ್ದಿಗೂ ಆತನ ಕಣ್ಣು ಮುಚ್ಚಿ ತೆರೆಯುತ್ತಿತ್ತು.

"ಒತ್ಲಾ?" ಎಂದರು, ಮನೆಯಲ್ಲಿ ಕಾಫಿ ಬೇಕಾ ಎಂದು ಕೇಳುವ ದನಿಯಲ್ಲಿ.

"ಯಪ್ಪಾ, ಒತ್ತಬ್ಯಾಡ್ರಿ." ಬೆಂಗಳೂರು ಕನ್ನಡ ಒಮ್ಮೆಗೇ ಕಳಚಿ ಬಿತ್ತು. "ಮುಚ್ಚಿಲ್ರಿ ಅದು. ಸ್ಪ್ರಿಂಗೂ ಐತಿ."

ಇಳಿಸುತ್ತಾರೆ ಎಂದುಕೊಂಡೆ. ಇಳಿಸಲಿಲ್ಲ. ಒಳಗೆ ಗುಂಡು ಇದೆಯಾ ಎಂದು ಕೇಳಿದರು. ಹಿಂದಿನ ವಾರ ಹೆಗ್ಗಣ ಹೊಡೆಯಲು ತುಂಬಿದ್ದೆ, ಹೊಡೆದೆನೋ ಬಿಟ್ಟೆನೋ ನೆನಪಿಲ್ಲ ಎಂದು ಆತ ಹೇಳಿದ. ಸುಳ್ಳು ಹೇಳಿದೆ ಎಂದು ಈಗ ಬಾಯಿಬಿಟ್ಟು ಹೇಳಿ ಎಂದರು ಬ್ಯಾಂಕಿನವರು. ಆತ ಹೇಳಿದ.

"ನನ್ನ ಜೊತೆ ಬಂದಿರೋ ಇಂಜಿನಿಯರ್‌ಗೆ ಕೇಳಿಸ್ಲಿಲ್ಲ. ಅವರನ್ನ ನೋಡ್ಕೊಂಡು ಹೇಳಿ."

ಆತ ನಳಿಗೆಯಿಂದ ಕಣ್ಣು ಕಿತ್ತು ನನ್ನ ಕಡೆ ತಿರುಗಿ, ನಾ ಸುಳ್ಳ ಹೇಳೇನ್ರಿ ಸರ್ ಎಂದ. ನನಗೆ ಕೇಳಿಸಿದೆ, ಸಾಕು ಎಂದು ನಾನು ಜೋರಾಗಿಯೇ ಹೇಳಿದೆ. ಆಗ ಅವರು ನಳಿಗೆಯನ್ನು ಮೂಲೆಗೆ ತಿರುಗಿಸಿ ಒತ್ತಿದರು. ಚಪ್ಪಾಳೆಯಷ್ಟೇ ಸದ್ದು. ಮೂಲೆಯಲ್ಲಿದ್ದ, ಮಶೀನನ್ನು ತಂಪಾಗಿಡುವ ಕೂಲಂಟ್ ತುಂಬಿದ ಕ್ಯಾನಿನ ಹೊಟ್ಟೆಯಿಂದ ಹಾಲಿನಂಥ ನೀರು ಸಣ್ಣ ಧಾರೆಯಾಗಿ ಚಿಮ್ಮತೊಡಗಿತು. ಮೂವರೂ ಅದನ್ನೇ ನೋಡುತ್ತ ನಿಂತೆವು. ಗುಂಡು ಇತ್ತು.

ಆತ ಕುರ್ಚಿಯ ಮೇಲೆ ಕುಸಿದ. ಬ್ಯಾಂಕಿನವರು ರೈಫಲ್ಲನ್ನು ಮೇಜಿನ ಮೇಲಿಟ್ಟು, ಇದು ನನಗೆ ಬೇಡ, ನೀವೇ ಊರಿಗೆ ತೆಗೆದುಕೊಂಡು ಹೋಗಿ ಎಂದರು. ಆಗ ಆತ ನಿಜವಾಗಿ ಅತ್ತ. ಏರ್‌ಪೋರ್ಟಿಗೆ ಒಯ್ಯುವಂತಿಲ್ಲ, ಇಲ್ಲಿ ಬಿಟ್ಟುಹೋದರೆ ಓನರ್‌ಗೆ ಸಿಗುತ್ತದೆ, ಕಸಕ್ಕೆ ಹಾಕಿದರೂ ಯಾರಾದರೂ ಹುಡುಕಿಕೊಂಡು ಬರುತ್ತಾರೆ. ಜೀವ ಇದೆ ಎಂದು ಬರೆದರೆ ಯಾರೂ ಮುಟ್ಟುವುದಿಲ್ಲವೆಂದು ಸತ್ತಿದೆ ಎಂದು ಬರೆದೆ ಎಂದ.

ಎದುರಿಗೇ ಬ್ಯಾಂಡ್ ಸಾ ಇತ್ತು, ದಪ್ಪ ಉಕ್ಕನ್ನು ಸೌತೆಕಾಯಿಯಂತೆ ಕೊಯ್ಯುವ ಗರಗಸ. ಕೊಯ್ದು ಹಾಕಬಾರದಿತ್ತೇ ಎಂದು ಕೇಳಿದೆ.

"ವಿಭೂತಿ ಹಚ್ಚಿದ್ದನ್ನ ಗರಗಸಕ್ಕ ಹ್ಯಾಂಗ್ ಕೊಡ್ಲಿ ಸರ?"

ಬ್ಯಾಂಕಿನವರು ವಿಭೂತಿಯ ಪಟ್ಟಿಗಳ ಕಡೆ ಬೆರಳು ತೋರಿಸಿದರು. "ಒರೆಸಿ ಕೊಡಿ," ಎಂದರು.

ಆತ ಒದ್ದೆ ಬಟ್ಟೆ ತಂದು ಒರೆಸಿದ. ಒಮ್ಮೆ ಕಣ್ಣಿಗೊತ್ತಿಕೊಂಡ. ಗರಗಸ ಹಾಕಿ ನಳಿಗೆಯನ್ನು ತುಂಡು ತುಂಡು ಮಾಡಿದ. ಮರದ ಹಿಡಿಯನ್ನೂ ಸೀಳಿದ. ಚೂರುಗಳನ್ನು ಕಬ್ಬಿಣದ ಪುಡಿಯ ಡಬ್ಬಿಗೆ ಹಾಕಿ ಮೇಲೆ ಇನ್ನಷ್ಟು ಪುಡಿ ಸುರಿದ. ಬ್ಯಾಂಕಿನವರು ಪಕ್ಕದಲ್ಲಿ ನಿಂತು, ಅದು ಉಳಿಯಿತು, ಇದು ಉಳಿಯಿತು ಎಂದು ತೋರಿಸುತ್ತಿದ್ದರು. ಮುಗಿದ ಮೇಲೆ ಆತ ಮತ್ತೆ ಕುರ್ಚಿಯಲ್ಲಿ ಕೂತ, ನಾವು ಹೊರಡುವಾಗ ಏಳಲಿಲ್ಲ. ನೆಲದ ಮೇಲೆ ಕೂಲಂಟ್ ಹರಿದು ಆತನ ಚಪ್ಪಲಿಯವರೆಗೆ ಬಂದಿತ್ತು.

ವಾಪಸು ಬರುವಾಗ ಜುರಾಂಗ್ ಕಡೆ, ಊಟದಂಗಡಿಗಳೆಲ್ಲ ಒಂದೇ ಸೂರಿನಡಿ ಇರುವ ಒಂದು ಹಾಕರ್ ಸೆಂಟರ್ ಎದುರು ಅವರು ಕಾರು ನಿಲ್ಲಿಸಿದರು. ಹಸಿವು ಎಂದರು. ನಮ್ಮಿಬ್ಬರಿಗೂ ಹುರಿದ ನೂಡಲ್ಸ್, ಮೀ ಗೊರೆಂಗ್ ತಂದರು. ಆತ ಬಾಯಿ ಬಿಡದಿದ್ದರೆ ಏನು ಮಾಡುತ್ತಿದ್ದಿರಿ ಎಂದು ಕೇಳಿದೆ.

"ಒತ್ತುತ್ತಿದ್ದೆ. ಬಾಯಿ ಬಿಡಲಿಲ್ಲ ಅಂದ್ರೆ ನಿಜ ಹೇಳ್ತಿದ್ದಾನೆ ಅಂತ ಅರ್ಥ. ನಿಜ ಆಗಿದ್ರೆ ಏನೂ ಆಗ್ತಿರಲಿಲ್ಲ."

ಆ ಲೆಕ್ಕವನ್ನು ನಾನು ತಲೆಯಲ್ಲಿ ತಿರುವಿ ನೋಡಿದೆ. ವೆಲ್ಡು ಮಾಡಿದ್ದು ಸರಿಯಾಗಿ ಕೂಡಿರದಿದ್ದರೆ? ಮುಚ್ಚಿದೆ ಎಂದು ಆತ ನಿಜವಾಗಿಯೂ ನಂಬಿದ್ದರೆ? ಇನ್ಸ್‌ಪೆಕ್ಷನ್ನಿನಲ್ಲಿ ನಾವು ದಿನವೂ ಹಿಡಿಯುವುದು ಸುಳ್ಳು ಹೇಳುವವರನ್ನಲ್ಲ, ಸರಿಯಾಗಿ ಮಾಡಿದ್ದೇನೆಂದು ಪ್ರಾಮಾಣಿಕವಾಗಿ ನಂಬಿ ಸಹಿ ಹಾಕಿದವರನ್ನು. ಅಂಥವನು ನಳಿಗೆಯ ಮುಂದೆ ನಗುತ್ತಲೇ ನಿಂತಿರುತ್ತಿದ್ದ.

"ಸರ್, ಅವನು ಸುಳ್ಳುಗಾರ ಆಗಿದ್ದಕ್ಕೆ ಬದುಕಿದ," ಎಂದೆ. "ಒಳ್ಳೆಯವನಾಗಿ, ತಪ್ಪು ತಿಳ್ಕೊಂಡಿದ್ದಿದ್ರೆ ಇವತ್ತು ಸತ್ತಿರ್ತಿದ್ದ."

ಅವರು ಅಗಿಯುವುದನ್ನು ನಿಲ್ಲಿಸಿ ಚಮಚ ಕೆಳಗಿಟ್ಟರು. ನಾನು ಹೇಳಿದ್ದು ಅವರಿಗೆ ತಟ್ಟಿತು ಎಂದೇ ತಿಳಿದೆ.

"ಇರಬಹುದು," ಎಂದರು. "ಆದ್ರೆ ಅವನು ಒಳ್ಳೆಯವನಾಗಿರಲಿಲ್ಲವಲ್ಲ." ನನ್ನ ತಟ್ಟೆಯನ್ನು ನನ್ನ ಕಡೆ ಇನ್ನಷ್ಟು ತಳ್ಳಿದರು. "ತಿನ್ನಿ, ಆರಿಹೋಗತ್ತೆ."